ಕಲ್ಯಾಣ ರಾಜ್ಯದ ಹಾದಿ

ಅರಸನ ಕೆಲಸವೇನು ಎಂದು ಹಿಂದಿನ ಕಾಲದಲ್ಲಿ ಕೇಳಿದ್ದರೆ ಉತ್ತರ ಸರಳವಾಗಿರುತ್ತಿತ್ತು. ಶತ್ರುಗಳಿಂದ ನಾಡನ್ನು ರಕ್ಷಿಸುವುದು, ಕಳ್ಳಕಾಕರನ್ನು ದಂಡಿಸುವುದು, ವ್ಯಾಜ್ಯಗಳನ್ನು ತೀರಿಸುವುದು, ಇವುಗಳ ವೆಚ್ಚಕ್ಕಾಗಿ ಕಂದಾಯವನ್ನು ವಸೂಲು ಮಾಡುವುದು. ಇಷ್ಟನ್ನು ಚೆನ್ನಾಗಿ ನಡೆಸಿದವನು ಒಳ್ಳೆಯ ದೊರೆ. ಧರ್ಮಿಷ್ಠನಾದ ಅರಸನು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೆರೆಗಳನ್ನು ಕಟ್ಟಿಸುತ್ತಿದ್ದನು, ಸಾಲುಮರಗಳನ್ನು ನೆಡಿಸುತ್ತಿದ್ದನು, ಛತ್ರ ಅರವಟ್ಟಿಗೆಗಳನ್ನು ಇಡಿಸುತ್ತಿದ್ದನು. ನಮ್ಮ ನಾಡಿನ ಶಿಲಾಲೇಖಗಳು ಇಂತಹ ಸತ್ಕಾರ್ಯಗಳನ್ನು ಬಾಯಿತುಂಬ ಹೊಗಳಿವೆ. ಆದರೆ ಅವೆಲ್ಲವೂ ದಾನಗಳು. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಕೃತಜ್ಞತೆ. ಛತ್ರವಿಲ್ಲವೆಂದು ಹಸಿದ ದಾರಿಹೋಕನು ಅರಸನನ್ನು ನ್ಯಾಯಸ್ಥಾನಕ್ಕೆ ಕರೆಯುವಂತಿರಲಿಲ್ಲ.

ಇಂದಿನ ಸ್ಥಿತಿ ಬೇರೆ. ಮಗು ಹುಟ್ಟಿದೊಡನೆ ಅದರ ಜನನವು ಸರ್ಕಾರದ ದಫ್ತರದಲ್ಲಿ ದಾಖಲಾಗಬೇಕು. ಅದಕ್ಕೆ ಲಸಿಕೆ ಹಾಕಿಸಲು ಆರೋಗ್ಯ ಇಲಾಖೆಯುಂಟು. ಆಡಿ ನಲಿಯಲು ಅಂಗನವಾಡಿಯುಂಟು. ಆರು ವರ್ಷ ತುಂಬಿದಾಗ ಶಾಲೆಯ ಬಾಗಿಲು ತೆರೆದಿರುತ್ತದೆ. ಬಡ ಕುಟುಂಬಕ್ಕೆ ಪಡಿತರ, ದಿಕ್ಕಿಲ್ಲದ ವೃದ್ಧರಿಗೆ ಮಾಸಾಶನ, ವಿಧವೆಯರಿಗೆ ನೆರವು ಇವೆ. ಬಾಲಕಿಯ ಮದುವೆಯ ವಯಸ್ಸನ್ನೂ ಕಾಯಿದೆಯೇ ಗೊತ್ತುಪಡಿಸುತ್ತದೆ. ಪ್ರಜೆಗಳ ಕ್ಷೇಮವನ್ನು ತನ್ನ ಹೊಣೆಯೆಂದು ಒಪ್ಪಿಕೊಂಡ ಇಂತಹ ರಾಜ್ಯವನ್ನು ಕಲ್ಯಾಣ ರಾಜ್ಯವೆನ್ನುತ್ತಾರೆ.

ಕಾವಲುಗಾರನಂತಿದ್ದ ಸರ್ಕಾರವು ಪೋಷಕನ ಸ್ಥಾನಕ್ಕೆ ಬಂದುದು ಒಂದು ದಿನದಲ್ಲಲ್ಲ. ಸುಮಾರು ಇನ್ನೂರು ವರ್ಷಗಳ ಕಾಲ ನಮ್ಮ ದೇಶವು ಹಂತಹಂತವಾಗಿ ಈ ಹಾದಿಯನ್ನು ತುಳಿದಿದೆ. ಒಂದು ಕಾಯಿದೆಯು ಎಲ್ಲಿ ಸೋತಿತೋ ಅಲ್ಲಿಂದ ಮುಂದಿನ ಹೆಜ್ಜೆ ಹುಟ್ಟಿದೆ. ಆ ಹೆಜ್ಜೆಗಳನ್ನು ಪರಿಶೀಲಿಸಿದರೆ ಸರ್ಕಾರದ ಕೆಲಸವು ಏಕೆ ಹೀಗೆ ಹಿಗ್ಗುತ್ತ ಬಂದಿತೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯ ಹೆಜ್ಜೆ ನಿಷೇಧ. ವ್ಯಾಪಾರಕ್ಕಾಗಿ ಬಂದು ರಾಜ್ಯವಾಳತೊಡಗಿದ ಈಸ್ಟ್ ಇಂಡಿಯಾ ಕಂಪನಿಯು ಜನರ ಮತಾಚಾರಗಳಲ್ಲಿ ಕೈಹಾಕಲು ಬಹುಕಾಲ ಅಂಜುತ್ತಿತ್ತು. ಗಂಡನ ಚಿತೆಯಲ್ಲಿ ಹೆಂಡತಿಯೂ ಸುಟ್ಟುಹೋಗುವ ಸತೀಪದ್ಧತಿಯು ಅದರ ಅಧಿಕಾರಿಗಳ ಕಣ್ಣೆದುರಿಗೇ ನಡೆಯುತ್ತಿತ್ತು. ರಾಜಾ ರಾಮಮೋಹನ ರಾಯರು ಈ ಕ್ರೌರ್ಯಕ್ಕೆ ಶಾಸ್ತ್ರದ ಆಧಾರವಿಲ್ಲವೆಂದು ವಾದಿಸಿ 1818ರಿಂದ ಲೇಖನಗಳನ್ನು ಪ್ರಕಟಿಸಿದರು. ಕೊನೆಗೆ 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಬಂಗಾಳ ಪ್ರಾಂತದಲ್ಲಿ ಸತೀಪದ್ಧತಿಯನ್ನು ದಂಡನಾರ್ಹ ಅಪರಾಧವೆಂದು ಸಾರಿದನು. ಮರುವರ್ಷ ಮದ್ರಾಸು, ಮುಂಬಯಿ ಪ್ರಾಂತಗಳಲ್ಲಿಯೂ ಇದೇ ನಿಯಮವಾಯಿತು. ಅದನ್ನು ರದ್ದುಪಡಿಸಬೇಕೆಂದು ಸಂಪ್ರದಾಯಸ್ಥರು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದರು. 1832ರಲ್ಲಿ ಅವರ ಮೇಲ್ಮನವಿ ವಜಾ ಆಯಿತು.

ಈ ಕಾಯಿದೆಯು ಬಹುಮಟ್ಟಿಗೆ ಫಲಿಸಿತು. ಸತಿ ಹೋಗುವುದು ಊರೆಲ್ಲ ನೋಡುವಂತೆ ಬಹಿರಂಗವಾಗಿ ನಡೆಯುತ್ತಿದ್ದ ಕೃತ್ಯ. ಅದನ್ನು ತಡೆಯಲು ಪೋಲೀಸಿನವರು ಸಕಾಲಕ್ಕೆ ಅಲ್ಲಿಗೆ ಬಂದರೆ ಸಾಕಾಗಿತ್ತು. ಆದರೆ ಚಿತೆಯಿಂದ ಪಾರಾದ ಆ ಹೆಣ್ಣುಮಗಳು ಮುಂದೆ ಬದುಕುವುದು ಹೇಗೆ? ತಲೆ ಬೋಳಿಸಿ, ಮಂಗಳ ಕಾರ್ಯಗಳಿಂದ ದೂರವಿರಿಸಿ, ಅಡಿಗೆಮನೆಯ ಮೂಲೆಗೆ ತಳ್ಳಿದ ಸಮಾಜದಲ್ಲಿ ಅವಳ ಗತಿಯೇನು? ನಿಷೇಧವು ಪ್ರಾಣವನ್ನು ಉಳಿಸಿತು, ಬಾಳನ್ನು ಕೊಡಲಿಲ್ಲ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ವಿಧವೆಯರು ಮರುಮದುವೆಯಾಗುವುದು ಶಾಸ್ತ್ರಸಮ್ಮತವೆಂದು ಅವರು ಪ್ರತಿಪಾದಿಸಿ, ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಅವರ ಮನವಿಗೆ ಬಿದ್ದ ಸಹಿಗಳಿಗಿಂತ ಅದರ ವಿರುದ್ಧವಾಗಿ ಬಿದ್ದ ಸಹಿಗಳು ಹಲವು ಪಟ್ಟು ಹೆಚ್ಚಾಗಿದ್ದವು. ಆದರೂ 1856ರಲ್ಲಿ ವಿಧವಾ ವಿವಾಹದ ಕಾಯಿದೆ ಜಾರಿಗೆ ಬಂದಿತು. ಇಲ್ಲಿ ಸರ್ಕಾರವು ಇಟ್ಟ ಹೆಜ್ಜೆ ಅನುಮತಿಯದು. ಮರುಮದುವೆಯಾಗಬೇಕೆಂದು ಕಾಯಿದೆಯು ಯಾರನ್ನೂ ಒತ್ತಾಯಿಸಲಿಲ್ಲ. ಆದರೆ ಆ ಮದುವೆಯು ಸಿಂಧುವೆಂದೂ ಅದರಿಂದ ಹುಟ್ಟಿದ ಮಕ್ಕಳು ಔರಸರೆಂದೂ ಹೇಳಿತು.

ಬಾಗಿಲೇನೋ ತೆರೆಯಿತು. ಆದರೆ ಅದರ ಮೂಲಕ ಹೊರಬಂದವರು ವಿರಳ. ಮರುಮದುವೆಯಾದ ಹೆಣ್ಣು ತೀರಿಕೊಂಡ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳಬೇಕೆಂದು ಅದೇ ಕಾಯಿದೆಯಲ್ಲಿತ್ತು. ಹುಡುಗನ ಮನೆಯವರಿಗೆ ಬಹಿಷ್ಕಾರದ ಭಯ. ಹುಡುಗಿಗೆ ವಿದ್ಯೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಇಂತಹ ಮದುವೆಗಳನ್ನು ನೆರವೇರಿಸಲು ವಿದ್ಯಾಸಾಗರರು ತಮ್ಮ ಸ್ವಂತ ಹಣವನ್ನು ವೆಚ್ಚಮಾಡಿ ಸಾಲಗಾರರಾದರು. 1870ರಲ್ಲಿ ಅವರ ಮಗನೇ ವಿಧವೆಯೊಬ್ಬಳನ್ನು ಮದುವೆಯಾದನು. ಸರ್ಕಾರವು ಅನುಮತಿ ಕೊಟ್ಟು ಕೈತೊಳೆದುಕೊಂಡಿತು. ಅದರಿಂದ ಉಂಟಾದ ವೆಚ್ಚವನ್ನು ಒಬ್ಬ ಪಂಡಿತನು ಹೊತ್ತನು. ಅನುಮತಿಯನ್ನು ಬಳಸಿಕೊಳ್ಳುವ ಶಕ್ತಿಯಿಲ್ಲದವನಿಗೆ ಅನುಮತಿಯಿಂದ ಆಗುವ ಪ್ರಯೋಜನ ಅಲ್ಪವೆಂಬುದನ್ನು ಈ ಕಾಯಿದೆ ತೋರಿಸಿಕೊಟ್ಟಿತು.

ಮೂರನೆಯದು ಬಾಲ್ಯವಿವಾಹದ ಪ್ರಶ್ನೆ. ಈ ವಿಷಯದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾಕ್ಕಿಂತ ಬಹಳ ಮುಂಚೆಯೇ ಎಚ್ಚೆತ್ತುಕೊಂಡಿತ್ತು. 1894ರಲ್ಲಿ ಮೈಸೂರು ಸರ್ಕಾರವು ಎಂಟು ವರ್ಷ ತುಂಬದ ಬಾಲಕಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಬಾಲಕಿಯನ್ನು ವರಿಸುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬ ಮಿತಿಯನ್ನು ಕೇಳಿ ಇಂದು ನಮಗೆ ನಗು ಬರಬಹುದು. ಅಷ್ಟನ್ನು ಹೇಳುವುದಕ್ಕೂ ಅಂದಿನ ಸರ್ಕಾರಕ್ಕೆ ಧೈರ್ಯ ಬೇಕಾಗಿತ್ತು.

ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಕಾಯಿದೆ ಬರಲು 1929ರವರೆಗೆ ಕಾಯಬೇಕಾಯಿತು. ಹರಬಿಲಾಸ ಸಾರದಾ ಅವರು ಮಂಡಿಸಿದ ಮಸೂದೆ ಅಂಗೀಕೃತವಾಗಿ, ಬಾಲಕಿಗೆ ಹದಿನಾಲ್ಕು, ಬಾಲಕನಿಗೆ ಹದಿನೆಂಟು ವರ್ಷಗಳ ಮಿತಿ ಏರ್ಪಟ್ಟಿತು. ಕಾಯಿದೆಯು ಜಾರಿಗೆ ಬರುವುದು 1930ರ ಏಪ್ರಿಲ್ 1ರಿಂದ ಎಂದು ನಿಗದಿಯಾಗಿದ್ದಿತು. ನಡುವಣ ಆರು ತಿಂಗಳಲ್ಲಿ ಆತುರ ಪಟ್ಟು ಎಳೆಯ ಮಕ್ಕಳ ಮದುವೆಗಳನ್ನು ಮುಗಿಸಿದ ತಂದೆತಾಯಿಗಳು ಅಸಂಖ್ಯ! ಜಾರಿಗೆ ಬಂದ ಮೇಲೂ ಅದರ ಬಲ ಸ್ವಲ್ಪವೇ. ಯಾರಾದರೂ ನ್ಯಾಯಾಲಯಕ್ಕೆ ಹೋಗಿ ದೂರು ಕೊಟ್ಟರೆ ಮಾತ್ರ ವಿಚಾರಣೆ. ದೂರು ಕೊಟ್ಟವನಿಂದಲೇ ನೂರು ರೂಪಾಯಿಗಳವರೆಗೆ ಜಾಮೀನನ್ನು ಕೇಳಬಹುದಾಗಿತ್ತು. ತನ್ನ ನೆರೆಮನೆಯ ಮದುವೆಯ ಮೇಲೆ ದೂರು ಕೊಟ್ಟು, ಊರಿನ ವೈರವನ್ನೂ ಕಟ್ಟಿಕೊಂಡು, ಜಾಮೀನನ್ನೂ ಇಡುವವರು ಎಷ್ಟು ಮಂದಿ ಇದ್ದಾರು? ಇದರ ಮೇಲೆ ಬ್ರಿಟಿಷ್ ಪ್ರಾಂತದಲ್ಲಿ ನಿಷಿದ್ಧವಾದ ಮದುವೆಯನ್ನು ಅಂತಹ ಕಾಯಿದೆಯಿಲ್ಲದ ಸಂಸ್ಥಾನವೊಂದಕ್ಕೆ ಹೋಗಿ ನಡೆಸಿಕೊಂಡು ಬರುವ ಉಪಾಯವೂ ಇದ್ದಿತು.

ಈ ಅನುಭವದಿಂದ ಎರಡು ಪಾಠಗಳು ದೊರೆತವು. ಕಾಯಿದೆಗೆ ಗಡಿಯುಂಟು, ಅನ್ಯಾಯಕ್ಕೆ ಗಡಿಯಿಲ್ಲ. ಆದುದರಿಂದ ಇಂತಹ ಸುಧಾರಣೆಗೆ ಇಡೀ ದೇಶವನ್ನು ಆಳುವ ಸರ್ಕಾರವೇ ಮುಂದಾಗಬೇಕು. ಹಾಗೆಯೇ ಕಾಯಿದೆಯನ್ನು ಕಾಯುವ ಕೆಲಸವನ್ನು ಯಾರಿಗಾದರೂ ನಿರ್ದಿಷ್ಟವಾಗಿ ಒಪ್ಪಿಸಬೇಕು. ಈ ಎರಡನೆಯ ಪಾಠವನ್ನು ಪೂರ್ಣವಾಗಿ ಕಾರ್ಯರೂಪಕ್ಕೆ ತರಲು ಬಹುಕಾಲ ಹಿಡಿಯಿತು. 1978ರಲ್ಲಿ ವಿವಾಹದ ವಯಸ್ಸು ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂದಾಯಿತು. 2006ರ ಹೊಸ ಕಾಯಿದೆಯು ಬಾಲ್ಯವಿವಾಹವನ್ನು ತಡೆಯುವುದಕ್ಕೆಂದೇ ಅಧಿಕಾರಿಗಳನ್ನು ನೇಮಿಸುವಂತೆ ವಿಧಿಸಿತು. ಕರ್ನಾಟಕವು 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಇನ್ನೂ ಮುಂದೆ ಹೋಗಿ, ಇಂತಹ ಮದುವೆಯು ಆರಂಭದಿಂದಲೇ ಅಸಿಂಧುವೆಂದು ಸಾರಿತು.

ಕಾಯುವ ಅಧಿಕಾರಿಯಿದ್ದರೂ, ಹಕ್ಕು ಯಾರದೋ ಅವರೇ ಎದ್ದು ನಿಲ್ಲದಿದ್ದರೆ ಕಾಯಿದೆ ನಿರ್ಜೀವವಾಗುತ್ತದೆ. ಮಹಾರಾಷ್ಟ್ರದ ಮಹಾಡ್ ಎಂಬ ಊರಿನಲ್ಲಿ ನಡೆದ ಸಂಗತಿ ಇದಕ್ಕೆ ನಿದರ್ಶನ. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೆನಿಸಿದವರೂ ಬಳಸಬಹುದೆಂಬ ನಿರ್ಣಯವನ್ನು ಕೈಗೊಂಡಿತು. ಮರುವರ್ಷ ಮಹಾಡಿನ ಪುರಸಭೆಯೂ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಹೇಳಿತು. ಆದರೆ ಮೂರು ವರ್ಷಗಳಾದರೂ ಒಬ್ಬ ದಲಿತನೂ ಆ ನೀರನ್ನು ಮುಟ್ಟುವ ಸಾಹಸ ಮಾಡಲಿಲ್ಲ. ದನಕರುಗಳು ಕುಡಿಯುತ್ತಿದ್ದ ನೀರು ಮನುಷ್ಯರಿಗೆ ನಿಷಿದ್ಧವಾಗಿಯೇ ಉಳಿಯಿತು.

1927ರ ಮಾರ್ಚ್ 20ರಂದು ಡಾಕ್ಟರ್ ಬಿ. ಆರ್. ಅಂಬೇಡ್ಕರರು ಸಹಸ್ರಾರು ಜನರೊಡನೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಗೆ ಇಳಿದು ನೀರನ್ನು ಕುಡಿದರು. ಅವರ ಹಿಂದೆ ಬಂದವರೆಲ್ಲರೂ ಕುಡಿದರು. ಅದೇ ದಿನ ಆ ಜನರ ಮೇಲೆ ಹಲ್ಲೆ ನಡೆಯಿತು. ಸವರ್ಣೀಯರು ಕೆರೆಗೆ ಶುದ್ಧೀಕರಣದ ವಿಧಿಯನ್ನು ನೆರವೇರಿಸಿದರು; ಪುರಸಭೆಯು ತನ್ನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು. ಪ್ರಕರಣವು ನ್ಯಾಯಾಲಯದ ಮೆಟ್ಟಿಲೇರಿತು. ಹತ್ತು ವರ್ಷಗಳ ಅನಂತರ, 1937ರಲ್ಲಿ, ಮುಂಬಯಿ ಉಚ್ಚ ನ್ಯಾಯಾಲಯವು ದಲಿತರ ಪರವಾಗಿ ತೀರ್ಪು ನೀಡಿತು. ಒಂದು ಬೊಗಸೆ ನೀರಿಗಾಗಿ ನಿರ್ಣಯ, ಹೋರಾಟ, ನ್ಯಾಯಾಲಯ ಮೂರೂ ಬೇಕಾದವು.

ಇದುವರೆಗೆ ನಾವು ನೋಡಿದ್ದು ಸಾಮಾಜಿಕ ಅನ್ಯಾಯವನ್ನು ತಡೆಯುವ ಯತ್ನಗಳನ್ನು. ಹಸಿವಿನ ವಿಷಯದಲ್ಲಿಯೂ ಸರ್ಕಾರವು ಇಂತಹುದೇ ಪಾಠಗಳನ್ನು ಕಲಿಯಬೇಕಾಯಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಆವರಿಸಿತು. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತೆಂದರೆ ಆ ದುರಂತದ ಅಳತೆ ನಮಗೆ ತಿಳಿಯುತ್ತದೆ.

ಈ ದುರಂತದ ತರುವಾಯ ಒಂದು ಆಯೋಗ ನೇಮಕವಾಗಿ, 1880ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಕ್ಷಾಮ ಸಂಹಿತೆಗಳು ರಚಿತವಾದವು. ಬರದ ಲಕ್ಷಣಗಳನ್ನು ಗುರುತಿಸುವುದು ಹೇಗೆ, ದುಡಿಯಬಲ್ಲವರಿಗೆ ಕೆಲಸ ತೆರೆದು ಕೂಲಿ ಕೊಡುವುದು ಹೇಗೆ, ಅಶಕ್ತರಿಗೆ ಆಹಾರ ಹಂಚುವುದು ಹೇಗೆ ಎಂಬುದೆಲ್ಲವೂ ಅವುಗಳಲ್ಲಿ ಬರೆಯಲ್ಪಟ್ಟಿತು. ಆದರೆ ಆ ಸಂಹಿತೆಯು ಅಧಿಕಾರಿಗಳ ಕೈಪಿಡಿಯಾಗಿತ್ತೇ ಹೊರತು ಹಸಿದವನ ಕೈಯಲ್ಲಿನ ಹಕ್ಕುಪತ್ರವಾಗಿರಲಿಲ್ಲ. 1943ರಲ್ಲಿ ಬಂಗಾಳದಲ್ಲಿ ಜನರು ಬೀದಿಬೀದಿಗಳಲ್ಲಿ ಬಿದ್ದು ಸಾಯುತ್ತಿದ್ದಾಗ ಅಲ್ಲಿನ ಸರ್ಕಾರವು ಸಂಹಿತೆಯ ಪ್ರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ. ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನರು ಪ್ರಾಣ ಬಿಟ್ಟರು. ಏಕೆ ಘೋಷಿಸಲಿಲ್ಲವೆಂದು ಕೇಳುವ ಅಧಿಕಾರ ಸಾಯುತ್ತಿದ್ದವರಿಗೆ ಇರಲಿಲ್ಲ. ಕರ್ತವ್ಯವು ಆಳುವವರ ಇಚ್ಛೆಗೆ ಒಳಪಟ್ಟಿದ್ದರೆ ಅದು ದಾನಕ್ಕಿಂತ ಹೆಚ್ಚಿನದಾಗುವುದಿಲ್ಲ.

ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಿದವರ ಮನಸ್ಸಿನಲ್ಲಿ ಇಂತಹ ನೆನಪುಗಳು ಹಸಿಯಾಗಿದ್ದವು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಸುಧಾರಣೆ ಮತ್ತು ಕ್ಷೇಮ ಎಂಬ ಎರಡು ಪ್ರವಾಹಗಳನ್ನು ಒಂದುಗೂಡಿಸಿತು. ಅದರ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 23ನೆಯ ವಿಧಿಯು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿತು. 24ನೆಯ ವಿಧಿಯು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಾಗಲಿ ಗಣಿಯಲ್ಲಾಗಲಿ ದುಡಿಸಕೂಡದೆಂದು ಹೇಳಿತು. ಇವು ನ್ಯಾಯಾಲಯದಲ್ಲಿ ಕೇಳಬಹುದಾದ ಮೂಲಭೂತ ಹಕ್ಕುಗಳು. ಇವುಗಳ ಜೊತೆಗೆ ಶಿಕ್ಷಣ, ಉದ್ಯೋಗ, ಪೌಷ್ಟಿಕ ಆಹಾರ, ವೃದ್ಧಾಪ್ಯದ ನೆರವು ಮುಂತಾದವುಗಳನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳೆಂದು ಸೇರಿಸಲಾಯಿತು. ಇವನ್ನು ನ್ಯಾಯಾಲಯದ ಮೂಲಕ ಒತ್ತಾಯಿಸಲು ಬಾರದಿದ್ದರೂ, ದೇಶದ ಆಡಳಿತಕ್ಕೆ ಇವೇ ತಳಹದಿಯೆಂದು ಸಂವಿಧಾನವು ಸಾರಿತು.

ಹಕ್ಕು ಮತ್ತು ನೆರವು ಒಂದನ್ನೊಂದು ಹೇಗೆ ಅವಲಂಬಿಸಿವೆ ಎಂಬುದನ್ನು ಜೀತಪದ್ಧತಿಯ ಉದಾಹರಣೆಯಿಂದ ತಿಳಿಯಬಹುದು. ತಂದೆ ಮಾಡಿದ ಸ್ವಲ್ಪ ಸಾಲಕ್ಕಾಗಿ ಮಗನು, ಅವನ ಬಳಿಕ ಮೊಮ್ಮಗನು ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿತ್ತು. ಬಡ್ಡಿಯ ಲೆಕ್ಕವು ಒಡೆಯನ ಕೈಯಲ್ಲಿ. ಓದು ಬರದ ಆಳಿಗೆ ಸಾಲ ತೀರಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಸಂವಿಧಾನವು ಇದನ್ನು ನಿಷೇಧಿಸಿ ಕಾಲು ಶತಮಾನವಾದರೂ ಪದ್ಧತಿ ಅಳಿಯಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯೊಂದು ಹೊರಟು, 1976ರಲ್ಲಿ ಸಂಸತ್ತು ಅದನ್ನು ಕಾಯಿದೆಯಾಗಿಸಿತು. ಜೀತದ ಸಾಲಗಳೆಲ್ಲವೂ ಅಳಿದುಹೋದುವೆಂದು ಅದು ಘೋಷಿಸಿತು. ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಹೊಣೆಯನ್ನು ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿ, ಕಾವಲು ಸಮಿತಿಗಳನ್ನೂ ಏರ್ಪಡಿಸಿತು.

ಬಿಡುಗಡೆ ಹೊಂದಿದ ಜೀತದಾಳಿನ ಮೊದಲ ಸಂಜೆಯನ್ನು ಕಲ್ಪಿಸಿಕೊಳ್ಳಿ. ಅವನಿಗೆ ಹೊಲವಿಲ್ಲ. ಅವನು ಮಲಗುತ್ತಿದ್ದ ಕೊಟ್ಟಿಗೆ ಒಡೆಯನದು. ದಿನದ ಅಂಬಲಿಯೂ ಒಡೆಯನ ಮನೆಯಿಂದ ಬರುತ್ತಿತ್ತು. ಕಾಯಿದೆಯು ಅವನ ಸಂಕೋಲೆಯನ್ನು ಕಳಚಿದೆ. ಆದರೆ ನಾಳೆ ಬೆಳಿಗ್ಗೆ ಮಕ್ಕಳು ಹಸಿದು ಅತ್ತರೆ ಅವನು ಎಲ್ಲಿಗೆ ಹೋಗಬೇಕು? ಅದೇ ಒಡೆಯನ ಬಾಗಿಲಿಗಲ್ಲವೆ? ಈ ಕಷ್ಟವನ್ನು ಮನಗಂಡು 1978ರಲ್ಲಿ ಬಿಡುಗಡೆಯಾದ ಆಳುಗಳಿಗೆ ಭೂಮಿ, ದನಕರು, ಕಸುಬಿನ ಸಲಕರಣೆ ಮುಂತಾದ ನೆರವು ನೀಡುವ ಪುನರ್ವಸತಿಯ ಯೋಜನೆಯೊಂದನ್ನು ಕೇಂದ್ರ ಸರ್ಕಾರವು ಆರಂಭಿಸಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1983 ಮತ್ತು 1984ರಲ್ಲಿ ನೀಡಿದ ತೀರ್ಪುಗಳಲ್ಲಿ, ಗುರುತಿಸಿ ಬಿಡಿಸಿದರೆ ಸಾಲದು, ಪುನರ್ವಸತಿಯನ್ನೂ ಕಲ್ಪಿಸುವುದು ಸರ್ಕಾರದ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ವಿದ್ಯಾಸಾಗರರ ಕಾಲದಲ್ಲಿ ಸರ್ಕಾರವು ಬಾಗಿಲು ತೆರೆದು ಸುಮ್ಮನಾಗಿತ್ತು. ಈಗ ಬಾಗಿಲಿನಾಚೆಗೆ ದಾರಿಯನ್ನೂ ಮಾಡಿಕೊಡಬೇಕೆಂಬ ತತ್ತ್ವ ಸ್ಥಾಪಿತವಾಯಿತು.

ಮಕ್ಕಳ ಶಿಕ್ಷಣದ ಕಥೆಯೂ ಇದೇ ರೀತಿಯದು. ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಕಡ್ಡಾಯವಾದ ಉಚಿತ ಶಿಕ್ಷಣವನ್ನು ಕೊಡಲು ರಾಜ್ಯವು ಯತ್ನಿಸಬೇಕೆಂದು ಸಂವಿಧಾನದ 45ನೆಯ ವಿಧಿಯು ಮೊದಲು ಹೇಳಿತ್ತು. 1951ರ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಗಡುವು 1960ಕ್ಕೆ ಮುಗಿದರೂ ಗುರಿಯು ದೂರವೇ ಉಳಿಯಿತು. ಶಾಲೆಗಳು ಹೆಚ್ಚಿದವು, ಶುಲ್ಕವೂ ರದ್ದಾಯಿತು. ಆದರೂ ಬಡವರ ಮಕ್ಕಳು ಶಾಲೆಗೆ ಬರಲಿಲ್ಲ, ಬಂದವರು ಬಹುಕಾಲ ನಿಲ್ಲಲಿಲ್ಲ. ಶುಲ್ಕವಿಲ್ಲವೆಂದ ಮಾತ್ರಕ್ಕೆ ಹಸಿದ ಹೊಟ್ಟೆಯ ಮಗುವಿಗೆ ಪಾಠ ತಲೆಗೆ ಹತ್ತುತ್ತದೆಯೆ? ದನ ಕಾಯ್ದರೆ ಒಂದು ಹೊತ್ತಿನ ಊಟ ಸಿಕ್ಕುವುದಾದರೆ ತಾಯಿಯು ಮಗುವನ್ನು ಯಾವ ಧೈರ್ಯದಿಂದ ಶಾಲೆಗೆ ಕಳುಹಿಸಿಯಾಳು?

ಈ ಸತ್ಯವನ್ನು ಅರಿತು ಮದ್ರಾಸು ರಾಜ್ಯದ ಮುಖ್ಯಮಂತ್ರಿ ಕೆ. ಕಾಮರಾಜರು 1956ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನು ವಿಸ್ತರಿಸಿದರು. ಶಾಲೆಗೆ ಬರುವ ಮುಂಚಿನ ಎಳೆಯ ಮಕ್ಕಳ ಪೋಷಣೆಗಾಗಿ ಕೇಂದ್ರ ಸರ್ಕಾರವು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾರಂಭಿಸಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಅವುಗಳಲ್ಲಿ ಒಂದು. ಇಂದು ಹಳ್ಳಿಹಳ್ಳಿಯಲ್ಲಿ ಕಾಣುವ ಅಂಗನವಾಡಿಗಳಿಗೆ ಮೂಲ ಅದೇ. 1995ರಲ್ಲಿ ಶಾಲಾಮಕ್ಕಳ ಊಟವು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆದರೆ ಹೆಚ್ಚಿನ ರಾಜ್ಯಗಳು ಬೇಯಿಸಿದ ಅನ್ನದ ಬದಲು ತಿಂಗಳಿಗೆ ಮೂರು ಕಿಲೋಗ್ರಾಂ ಧಾನ್ಯವನ್ನು ಮನೆಗೆ ಕೊಟ್ಟು ಕಳುಹಿಸುತ್ತಿದ್ದವು. ಆ ಧಾನ್ಯವು ಮಗುವಿನ ತಟ್ಟೆಯನ್ನೇ ಸೇರಿತೆಂದು ಹೇಳುವವರಾರು? 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯಲ್ಲಿಯೇ ಬೇಯಿಸಿದ ಊಟವನ್ನು ಬಡಿಸಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಹೆಸರಿನಿಂದ ಬಿಸಿಯೂಟ ಆರಂಭವಾಯಿತು. ಜಾತಿಭೇದವಿಲ್ಲದೆ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಆ ಪಂಕ್ತಿಯಲ್ಲಿ ಮಹಾಡಿನ ಕೆರೆಯ ಪ್ರಶ್ನೆಗೂ ಒಂದು ಉತ್ತರವಿದೆ.

ಈ ನಡುವೆ ನಿರ್ದೇಶಕ ತತ್ತ್ವಗಳಲ್ಲಿ ಕೆಲವು ಒಂದೊಂದಾಗಿ ಹಕ್ಕುಗಳಾಗಿ ಮಾರ್ಪಟ್ಟವು. 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದರ ಕಾಯಿದೆಯು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 2013ರ ಕಾಯಿದೆಯು ಪಡಿತರದ ಧಾನ್ಯವನ್ನು ಹಕ್ಕೆಂದು ಒಪ್ಪಿಕೊಂಡಿತು. 2011ರ ಗಣತಿಯ ವೇಳೆಗೆ ಅಕ್ಷರಸ್ಥರ ಪ್ರಮಾಣ ನೂರಕ್ಕೆ 74ಕ್ಕೆ ಏರಿದ್ದಿತು.

ಇಷ್ಟರಿಂದ, ಸರ್ಕಾರದ ಕೈ ಉದ್ದವಾದಷ್ಟೂ ಜನರಿಗೆ ಒಳಿತೆಂದು ಭಾವಿಸುವುದು ತಪ್ಪಾದೀತು. ಪೋಷಿಸುವ ಕೈಯೇ ಪೀಡಿಸುವ ಕೈಯಾಗಬಲ್ಲದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ಎಂಬತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಲಾಯಿತು. ಅಧಿಕಾರಿಗಳಿಗೆ ಇಷ್ಟಿಷ್ಟೆಂದು ಗುರಿಯನ್ನು ನಿಗದಿಪಡಿಸಿದ್ದರು. ಆ ಗುರಿಯನ್ನು ಮುಟ್ಟುವ ಆತುರದಲ್ಲಿ ಅನೇಕ ಬಡವರನ್ನು ಬಲಾತ್ಕಾರವಾಗಿ ಎಳೆದೊಯ್ದರು. ಜನಹಿತಕ್ಕಾಗಿಯೇ ಮಾಡುತ್ತಿರುವೆವೆಂಬುದು ಆಗಿನ ಆಡಳಿತದ ಸಮರ್ಥನೆಯಾಗಿತ್ತು. ಯಾರ ಹಿತವೆಂದು ಹೇಳಲಾಗುತ್ತಿತ್ತೋ ಅವರ ಒಪ್ಪಿಗೆಯನ್ನು ಮಾತ್ರ ಕೇಳಿರಲಿಲ್ಲ. ಕ್ಷೇಮದ ಹೆಸರಿನಲ್ಲಿ ಸ್ವಾತಂತ್ರ್ಯವನ್ನು ತುಳಿದರೆ ಎರಡೂ ಉಳಿಯುವುದಿಲ್ಲ.

ಇನ್ನೊಂದು ದೋಷವು ಕಡತಗಳಲ್ಲಿ ಅಡಗಿರುತ್ತದೆ. ರಾಜಸ್ಥಾನದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಕೂಲಿಕಾರರು ತಮ್ಮ ಹೆಸರಿಗೆ ಎಷ್ಟು ಹಣ ಸಂದಾಯವಾಗಿದೆಯೆಂದು ತಿಳಿಯಬಯಸಿದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಸ್ಥೆಯು ಹಾಜರಿ ಪಟ್ಟಿಗಳನ್ನು ಊರವರ ಸಭೆಯಲ್ಲಿ ಗಟ್ಟಿಯಾಗಿ ಓದಿಸಿತು. ಕೆಲಸಕ್ಕೇ ಹೋಗದವರ ಹೆಸರುಗಳು, ತೀರಿಕೊಂಡವರ ಹೆಸರುಗಳು ಕೂಡ ಆ ಪಟ್ಟಿಗಳಲ್ಲಿದ್ದವು. ಇಂತಹ ಸಭೆಗಳಿಂದ ಬೆಳೆದ ಚಳುವಳಿಯು ದೇಶದಾದ್ಯಂತ ಹರಡಿ, 2005ರ ಮಾಹಿತಿ ಹಕ್ಕಿನ ಕಾಯಿದೆಗೆ ಕಾರಣವಾಯಿತು. ಸರ್ಕಾರವು ಪ್ರಜೆಗಳ ಬಾಳನ್ನು ನೋಡಿಕೊಳ್ಳುವುದಾದರೆ, ಪ್ರಜೆಗಳು ಸರ್ಕಾರದ ಲೆಕ್ಕವನ್ನು ನೋಡಬೇಕೆಂಬುದು ಅದರ ತಿರುಳು.

ಬೆಂಟಿಂಕನ ಆಜ್ಞೆಯಿಂದ ಮಾಹಿತಿ ಹಕ್ಕಿನವರೆಗೆ ನಡೆದುಬಂದ ಈ ಹಾದಿಯಲ್ಲಿ ಸರ್ಕಾರವು ಮೊದಲು ತಡೆಯುವುದನ್ನು ಕಲಿಯಿತು, ಅನಂತರ ಕಾಯುವುದನ್ನು ಕಲಿಯಿತು, ಆಮೇಲೆ ಕೊಡುವುದನ್ನು ಕಲಿಯಿತು. ಕೊಟ್ಟುದಕ್ಕೆ ಲೆಕ್ಕ ಹೇಳುವುದನ್ನು ಅದಿನ್ನೂ ಕಲಿಯುತ್ತಿದೆ. ಈ ಪಾಠಗಳಲ್ಲಿ ಯಾವುದನ್ನೂ ಅದು ತಾನಾಗಿಯೇ ಕಲಿತದ್ದಲ್ಲ. ರಾಮಮೋಹನ ರಾಯರಂತಹ ಚಿಂತಕರು, ಅಂಬೇಡ್ಕರರಂತಹ ನಾಯಕರು, ಹೆಸರು ತಿಳಿಯದ ಸಹಸ್ರಾರು ಕೂಲಿಕಾರರು ಅದಕ್ಕೆ ಕಲಿಸಿದರು.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನಿಮಗೆ ಈಗ ಹದಿನಾಲ್ಕು ವರ್ಷದ ಆಸುಪಾಸು. ಸಂವಿಧಾನವು ಮಗುವಿನ ರಕ್ಷಣೆಗಾಗಿ ಮತ್ತೆ ಮತ್ತೆ ಉಲ್ಲೇಖಿಸುವ ವಯಸ್ಸು ಅದೇ. ನೂರು ವರ್ಷಗಳ ಹಿಂದೆ ಈ ವಯಸ್ಸಿನ ಹುಡುಗಿಯು ಗೃಹಿಣಿಯಾಗಿರುತ್ತಿದ್ದಳು. ಬಡವರ ಮನೆಯ ಹುಡುಗನು ಹೊಲದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿಯುತ್ತಿದ್ದನು. ಇಂದಿಗೂ ನಿಮ್ಮ ಓರಗೆಯವರಲ್ಲಿ ಕೆಲವರ ಸ್ಥಾನವು ತರಗತಿಯಲ್ಲಿ ಖಾಲಿಯಾಗಿರಬಹುದು. ಪಕ್ಕದ ಬೆಂಚಿನ ಗೆಳತಿಯು ಇದ್ದಕ್ಕಿದ್ದಂತೆ ಶಾಲೆಗೆ ಬರುವುದನ್ನು ನಿಲ್ಲಿಸಿದರೆ, ಅವಳು ಏಕೆ ಬರುತ್ತಿಲ್ಲವೆಂದು ನಿಮ್ಮ ಉಪಾಧ್ಯಾಯರನ್ನು ಕೇಳಿರಿ. ಇನ್ನೂರು ವರ್ಷಗಳ ಕಾಯಿದೆಗಳೆಲ್ಲವೂ ಅವಳ ಬೆನ್ನಿಗೆ ನಿಂತಿವೆ. ಆದರೆ ಅವು ಅವಳನ್ನು ತಲುಪಬೇಕಾದರೆ ಯಾರಾದರೊಬ್ಬರು ಮೊದಲು ಆ ಪ್ರಶ್ನೆಯನ್ನು ಕೇಳಬೇಕು.